ಯಾರ ಮುಂದೆ ಹೇಳಿಕೊಳ್ಳಲಿ?

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಕೊನೆಯ ಮನೆಗೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಬಂದಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ನಾಲ್ಕೇ ಮನೆ. ಬೆಳಿಗ್ಗೆ ಹಾಲು ತರುವಾಗ ಎದುರಾದರೆ ನಗುತ್ತಿದ್ದಳು. ಅಷ್ಟೇ ಪರಿಚಯ. ಕೆಲವು ರಾತ್ರಿ ಆ ಮನೆಯಿಂದ ಪಾತ್ರೆ ಬಿದ್ದ ಸದ್ದು, ಗಂಡಸಿನ ಕೂಗು, ಆಮೇಲೆ ಏನೂ ಇಲ್ಲದ ಮೌನ ಕೇಳುತ್ತಿತ್ತು. ನನಗೆ ಕೇಳಿಸಿದ್ದು ಎದುರು ಮನೆಯವರಿಗೂ ಪಕ್ಕದ ಮನೆಯವರಿಗೂ ಕೇಳಿಸಿರಲೇಬೇಕು. ಒಂದು ದಿನ ಅವಳ ಕೆನ್ನೆಯ ಮೇಲೆ ನೀಲಿಗಟ್ಟಿತ್ತು. "ಏನಮ್ಮಾ ಅದು?" ಎಂದೆ. "ಬಾಗಿಲು ತಗುಲಿತು ಮೇಡಂ" ಎಂದಳು. ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು, ಆದ್ದರಿಂದ ನಂಬಿದೆ.

ಎಂಟು ತಿಂಗಳ ನಂತರ ಅವಳ ತಂದೆ ಬಂದು ಆಟೋದಲ್ಲಿ ಕರೆದುಕೊಂಡು ಹೋದರು. ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಹತ್ತುವ ಮುಂಚೆ ನನ್ನ ಕಡೆ ತಿರುಗಿ ಅವಳು ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. "ರಾತ್ರಿ ನಿಮ್ಮ ಮನೆ ದೀಪ ಉರೀತಾ ಇರೋದು ಕಾಣ್ತಿತ್ತು ಮೇಡಂ. ಬಂದುಬಿಡೋಣ ಅನ್ನಿಸ್ತಿತ್ತು. ನಿಮಗೆ ನನ್ನ ಪರಿಚಯ ಇಲ್ವಲ್ಲ ಅಂತ ಸುಮ್ಮನಾದೆ."

ಕಾಲೇಜಿನಲ್ಲಿ ವರ್ಷಗಟ್ಟಲೆ ಸಮಾಜಶಾಸ್ತ್ರದ ಪಾಠ ಹೇಳಿದವಳು ನಾನು. ಕುಟುಂಬ, ಬಂಧುತ್ವ, ನೆರೆಹೊರೆ ಎಂದೆಲ್ಲ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದವಳು. ಆದರೆ ನಾಲ್ಕು ಮನೆಯ ಆಚೆ ಒಬ್ಬ ಹೆಣ್ಣುಮಗಳಿಗೆ ಬಾಗಿಲು ತಟ್ಟಲು ಬೇಕಾದ ಒಂದು ಗೆರೆಯನ್ನು ನಾನು ಎಳೆದಿರಲಿಲ್ಲ.

ಹಿಂಸೆಯ ಸುದ್ದಿ ಹೊರಬಿದ್ದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ, "ಇಷ್ಟು ದಿನ ಅವಳು ಯಾಕೆ ಹೇಳಲಿಲ್ಲ?" ಎಂಬುದು. ಈ ಪ್ರಶ್ನೆಯಲ್ಲೇ ತಪ್ಪಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಅವಳಿಗೆ ಧೈರ್ಯವಿರಲಿಲ್ಲ, ತಿಳಿವಳಿಕೆ ಇರಲಿಲ್ಲ ಎಂಬ ಅರ್ಥ ಅದರಲ್ಲಿ ಅಡಗಿದೆ. ಕೇಳಬೇಕಾದ ಪ್ರಶ್ನೆ ಬೇರೆ: ಅವಳು ಯಾರ ಮುಂದೆ ಹೇಳಬಹುದಿತ್ತು? ಹಾಗೆ ಹೇಳಿಕೊಳ್ಳುವವರು ಅವಳ ಸುತ್ತ ಎಷ್ಟು ಮಂದಿ ಇದ್ದರು? ಅವರಲ್ಲಿ ಗಂಡನ ಮನೆಯ ಹಂಗಿಲ್ಲದವರು ಎಷ್ಟು?

ಮನುಷ್ಯರ ನಡವಳಿಕೆ ಅವರವರ ಸ್ವಭಾವದಿಂದ ಮಾತ್ರ ಹುಟ್ಟುವುದಿಲ್ಲ. ಯಾರಿಗೆ ಯಾರು ಗೊತ್ತು, ಯಾರ ಮಾತು ಯಾರ ಕಿವಿಗೆ ಬೀಳುತ್ತದೆ ಎಂಬ ನಂಟಿನ ಜಾಲ ಹೇಗೆ ಹೆಣೆದಿದೆ ಎಂಬುದರ ಮೇಲೂ ಅದು ನಿಂತಿದೆ. ಅದೇ ಹೆಣ್ಣು ಒಂದು ಜಾಲದಲ್ಲಿ ಮೂಕಿಯಾಗುತ್ತಾಳೆ, ಇನ್ನೊಂದರಲ್ಲಿ ಗಟ್ಟಿಗಿತ್ತಿಯಾಗುತ್ತಾಳೆ. ಸಂಘದಲ್ಲಿರುವ ನಿಮಗೆ ಇದು ನಿಮ್ಮ ಅನುಭವದಿಂದಲೇ ಗೊತ್ತು.

ಎಳೆ ಕತ್ತರಿಸುವ ಮದುವೆ

'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆ ನಮ್ಮಲ್ಲಿದೆ. ಮದುವೆಯ ದಿನ ಗಂಡಿನ ಬದುಕಿನಲ್ಲಿ ಒಬ್ಬಳು ಹೆಚ್ಚಾಗುತ್ತಾಳೆ, ಮಿಕ್ಕಿದ್ದೆಲ್ಲ ಇದ್ದ ಹಾಗೇ ಇರುತ್ತದೆ. ಅದೇ ಮನೆ, ಅದೇ ಗೆಳೆಯರು, ಅದೇ ಚಹದಂಗಡಿ. ಹೆಣ್ಣಿನ ಬದುಕಿನಲ್ಲಿ ಮಾತ್ರ ಒಂದೇ ದಿನದಲ್ಲಿ ಎಲ್ಲ ಎಳೆಗಳೂ ಕಡಿಯುತ್ತವೆ. ಜೊತೆಗೆ ಓದಿದ ಗೆಳತಿ, ಪಕ್ಕದ ಮನೆಯ ಅಜ್ಜಿ, ಬೀಡಿ ಕಟ್ಟುವಾಗಲೋ ಕಳೆ ಕೀಳುವಾಗಲೋ ಜೊತೆಯಲ್ಲಿದ್ದವರು ಎಲ್ಲರೂ ಹಿಂದೆ ಉಳಿಯುತ್ತಾರೆ. ಹೊಸ ಊರಿನಲ್ಲಿ ಅವಳಿಗೆ ಸಿಗುವ ಪ್ರತಿಯೊಂದು ಪರಿಚಯವೂ ಗಂಡನ ಮೂಲಕ, ಅತ್ತೆಯ ಮೂಲಕ ಬಂದದ್ದು. ಹೀಗಿರುವಾಗ ಅವರ ಮೇಲಿನ ದೂರನ್ನು ಅವರದೇ ಜನರ ಬಳಿ ಹೇಳುವುದು ಹೇಗೆ?

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2018ರಲ್ಲಿ ಹಳ್ಳಿಯ ಸೊಸೆಯಂದಿರನ್ನು ಮಾತನಾಡಿಸಿ ಮಾಡಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಗಂಡ ಮತ್ತು ಅತ್ತೆಯನ್ನು ಬಿಟ್ಟರೆ ಆ ಇಡೀ ಜಿಲ್ಲೆಯಲ್ಲಿ ಮನಸ್ಸು ಬಿಚ್ಚಿ ಮಾತನಾಡಲು ಒಬ್ಬ ಆಪ್ತರೂ ಇಲ್ಲದವರು ಅವರಲ್ಲಿ ನೂರಕ್ಕೆ ಸುಮಾರು 36 ಮಂದಿ. ಎಲ್ಲಿಯೂ, ಯಾರೂ ಇಲ್ಲದವರು ನೂರಕ್ಕೆ ಸುಮಾರು 22. ಅತ್ತೆಯ ಜೊತೆ ಒಂದೇ ಮನೆಯಲ್ಲಿರುವ ಸೊಸೆಗೆ ಹೊರಗಿನ ಆಪ್ತರು ಇನ್ನೂ ಕಡಿಮೆ ಎಂದೂ ಕಂಡುಬಂತು. ಅತ್ತೆಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಅವಳೂ ಒಂದು ಕಾಲಕ್ಕೆ ಹೀಗೆಯೇ ಎಳೆ ಕಡಿದುಕೊಂಡು ಬಂದವಳು. ಮಗನ ಮೇಲಿನ ಹಿಡಿತ ಬಿಟ್ಟರೆ ಅವಳಿಗೆ ಬೇರೆ ಆಸರೆ ಬೆಳೆಯಲು ಯಾರೂ ಬಿಟ್ಟಿರಲಿಲ್ಲ.

ಹಿಂಸೆ ಕೈ ಎತ್ತುವುದರಿಂದ ಶುರುವಾಗುವುದಿಲ್ಲ ಎಂಬುದನ್ನು ಗಮನಿಸಿ. "ಆ ಮನೆಯವಳ ಜೊತೆ ಏನು ಮಾತು?", "ತವರಿಗೆ ಎಷ್ಟು ಸಲ ಹೋಗ್ತೀಯ?", "ಫೋನ್ ಇಲ್ಲಿ ಕೊಡು, ಯಾರ ಜೊತೆ ಮಾತಾಡಿದೆ ನೋಡೋಣ" ಎಂಬಲ್ಲಿಂದ ಅದು ಶುರುವಾಗುತ್ತದೆ. ಮೊದಲು ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತಾರೆ. ಕೊನೆಯದು ಹೋದ ಮೇಲೆ ಹೊಡೆತಕ್ಕೆ ಸಾಕ್ಷಿ ಇರುವುದಿಲ್ಲ. ವರದಕ್ಷಿಣೆಯ ಕಿರುಕುಳದಲ್ಲಿ ಇದಕ್ಕೆ ಇನ್ನೊಂದು ತಿರುವಿದೆ. ಅಲ್ಲಿ ತವರಿನ ಎಳೆಯನ್ನು ಪೂರಾ ಕಡಿಯುವುದಿಲ್ಲ. ಹಣ ಬರುವಷ್ಟು ಮಾತ್ರ ಉಳಿಸಿಕೊಂಡು, ಕಣ್ಣೀರು ಹೋಗದಂತೆ ಕಟ್ಟಿಹಾಕುತ್ತಾರೆ.

ಹತ್ತಿರದ ನಂಟು ಸಾಕೇ?

ನಮ್ಮ ಕಡೆ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ರೂಢಿ ಇದೆಯಲ್ಲ, ಅಲ್ಲಿ ಹೆಣ್ಣು ಸುಖವಾಗಿರುವುದಿಲ್ಲವೇ ಎಂದು ನೀವು ಕೇಳಬಹುದು. 1983ರಲ್ಲಿ ಟಿಮ್ ಡೈಸನ್ ಮತ್ತು ಮಿಕ್ ಮೂರ್ ಎಂಬ ವಿದ್ವಾಂಸರು ಇದೇ ವಾದವನ್ನು ಮಂಡಿಸಿದ್ದರು. ಉತ್ತರದಲ್ಲಿ ಹೆಣ್ಣನ್ನು ಅಪರಿಚಿತರ ಮನೆಗೆ, ದೂರದ ಊರಿಗೆ ಕೊಡುತ್ತಾರೆ; ದಕ್ಷಿಣದಲ್ಲಿ ಬಂಧುಗಳಲ್ಲೇ, ಹತ್ತಿರದಲ್ಲೇ ಕೊಡುತ್ತಾರೆ; ಆದ್ದರಿಂದ ದಕ್ಷಿಣದ ಹೆಣ್ಣಿಗೆ ತವರಿನ ಆಸರೆಯೂ ಸ್ವಾತಂತ್ರ್ಯವೂ ಹೆಚ್ಚು ಎಂದು. ಅದರಲ್ಲಿ ಸತ್ಯಾಂಶವಿದೆ.

ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರು ಇಡೀ ದೇಶದಲ್ಲಿ ನೂರಕ್ಕೆ ಸುಮಾರು 29. ದಕ್ಷಿಣದ ನಮ್ಮ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 44. ಅದರ ಹಿಂದಿನ, 2015-16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ಸುಮಾರು 21 ಇತ್ತು. ನಾಲ್ಕೈದು ವರ್ಷದಲ್ಲಿ ಹಿಂಸೆಯೇ ಎರಡು ಪಟ್ಟಾಯಿತೋ, ಬಾಯಿ ಬಿಟ್ಟು ಹೇಳುವವರು ಹೆಚ್ಚಾದರೋ ಎಂದು ವಾದಿಸಬಹುದು. ಹೇಗಾದರೂ ಸರಿ, ಹತ್ತಿರದ ನಂಟು ತಾನಾಗಿಯೇ ಹೆಣ್ಣನ್ನು ಕಾಯುತ್ತದೆ ಎಂಬ ನಂಬಿಕೆಯನ್ನು ಈ ಅಂಕಿ ಉಳಿಸುವುದಿಲ್ಲ.

ಏಕೆ ಕಾಯುವುದಿಲ್ಲ? ಅತ್ತೆಯೇ ಅಪ್ಪನ ಅಕ್ಕನಾದಾಗ ದೂರು ಹೇಳಿದರೆ ಅಕ್ಕ-ತಮ್ಮಂದಿರ ನಡುವೆ ಬಿರುಕು. ಗಂಡನ ತಂಗಿಯನ್ನೇ ನಮ್ಮ ಅಣ್ಣನಿಗೆ ತಂದಿದ್ದರೆ ಇಲ್ಲಿ ಬಾಯಿ ತೆರೆದದ್ದಕ್ಕೆ ಅಲ್ಲಿ ಅತ್ತಿಗೆ ಕಣ್ಣೀರು ಹಾಕಬೇಕು. ಎಲ್ಲರಿಗೂ ಎಲ್ಲರೂ ಬೇಕಾದ ಒತ್ತಾದ ಹೆಣಿಗೆಯಲ್ಲಿ ಒಂದು ಎಳೆ ಜಗ್ಗಿದರೆ ಇಡೀ ಬಟ್ಟೆ ಸುಕ್ಕಾಗುತ್ತದೆ. ಅದಕ್ಕೇ ಎಲ್ಲರೂ ಸೇರಿ "ಹೊಂದಿಕೊಂಡು ಹೋಗು" ಎನ್ನುತ್ತಾರೆ. ಅವರು ಕೆಟ್ಟವರೆಂದಲ್ಲ, ಆ ಹೆಣಿಗೆಯೊಳಗೆ ನಿಂತವರಿಗೆ ಬೇರೆ ಮಾತು ಹೊಳೆಯುವುದಿಲ್ಲ. ಎಲಿಜಬೆತ್ ಬಾಟ್ ಎಂಬ ವಿದುಷಿ ಲಂಡನ್ನಿನ ಇಪ್ಪತ್ತು ಕುಟುಂಬಗಳನ್ನು ಅಭ್ಯಾಸ ಮಾಡಿ 1957ರಲ್ಲಿ ಒಂದು ಪುಸ್ತಕ ಬರೆದರು. ಗಂಡ ಹೆಂಡಿರ ಪರಿಚಿತರೆಲ್ಲ ಪರಸ್ಪರ ಗೊತ್ತಿರುವವರಾದರೆ ಆ ಮನೆಯಲ್ಲಿ 'ಇದು ಗಂಡಸಿನ ಕೆಲಸ, ಇದು ಹೆಂಗಸಿನ ಕೆಲಸ' ಎಂಬ ಗೆರೆ ಗಟ್ಟಿಯಾಗಿರುತ್ತದೆ, ಪರಿಚಿತರು ಚದುರಿದ್ದರೆ ಆ ಗೆರೆ ಸಡಿಲವಾಗುತ್ತದೆ ಎಂಬುದು ಅವರು ಕಂಡ ಸಂಗತಿ. ಲಂಡನ್ನಿನ ಮಾತಾದರೂ ನಮ್ಮ ಕೇರಿಯದೇ ಅನ್ನಿಸುವುದಿಲ್ಲವೇ?

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದರು. ತೀರ ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುವುದೇ. ಹೊಸ ಸುದ್ದಿ, ಹೊಸ ದಾರಿ ಬರುವುದು ದೂರದ, ತೆಳು ಪರಿಚಯಗಳಿಂದ. ಸಂಕಟದಲ್ಲಿರುವ ಹೆಣ್ಣಿಗೆ ತಾಯಿ ಬೇಕು, ನಿಜ. ತಾಯಿಯಷ್ಟೇ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಬಸ್ಸಿನಲ್ಲಿ ಪರಿಚಯವಾದ ಗಾರ್ಮೆಂಟ್ಸ್ ಹುಡುಗಿ, ಬೇರೆ ಕೇರಿಯ, ಬೇರೆ ಜಾತಿಯ ಗೆಳತಿಯೂ ಬೇಕು. ಅವರಿಗೆ ನಮ್ಮ ಮನೆಯ ಮರ್ಯಾದೆಯ ಹಂಗಿಲ್ಲ.

ಅದೇ 2019-21ರ ಸಮೀಕ್ಷೆ ಇನ್ನೊಂದು ಮಾತು ಹೇಳುತ್ತದೆ. ಹಿಂಸೆಗೆ ಒಳಗಾದ ಹೆಂಗಸರಲ್ಲಿ ಯಾರದಾದರೂ ನೆರವು ಕೇಳಿದವರು ನೂರಕ್ಕೆ 14 ಮಂದಿ ಮಾತ್ರ. ಹಾಗೆ ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ತವರಿನವರ ಬಳಿಗೇ. ಪೊಲೀಸ್, ವಕೀಲ, ವೈದ್ಯರವರೆಗೆ ಹೋದವರು ಬೆರಳೆಣಿಕೆಯಷ್ಟು. ಕಾನೂನು ಇಲ್ಲವೆಂದಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇದೆ. 1983ರಲ್ಲಿ ಬಂದ 498-ಎ ಕಲಂ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮುಂದುವರಿದಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ. ಆದರೆ ಕಾನೂನಿನ ಬಾಗಿಲವರೆಗೆ ಅವಳ ಕೈ ಹಿಡಿದು ನಡೆಸುವ ಒಬ್ಬರು ಬೇಕಲ್ಲ, ಆ ಒಬ್ಬರೇ ಇಲ್ಲ.

ಸಂಘದ ಆಕಾರ

ಸ್ವಸಹಾಯ ಸಂಘದ ಮಹತ್ವ ಇಲ್ಲಿದೆ. ಎಂಬತ್ತರ ದಶಕದ ಮಧ್ಯದಲ್ಲಿ ನಮ್ಮ ರಾಜ್ಯದಲ್ಲಿ ಮೈರಾಡ ಸಂಸ್ಥೆಯ ಕೆಲಸದ ಊರುಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಒಬ್ಬರನ್ನೊಬ್ಬರು ನಂಬುವವರು ತಾವಾಗಿಯೇ ಸಣ್ಣ ಗುಂಪುಗಳಾದರು. ಆ ಗುಂಪುಗಳಿಂದ ಕಲಿತ ಪಾಠವೇ 1992ರಲ್ಲಿ ನಬಾರ್ಡ್ ಆರಂಭಿಸಿದ ಬ್ಯಾಂಕ್ ಜೋಡಣೆಗೂ ಒಂದು ಬುನಾದಿಯಾಯಿತು. ಸಾಲ ಆಮೇಲೆ ಬಂತು, ನಂಬಿಕೆ ಮೊದಲು ಇತ್ತು ಎಂಬುದನ್ನು ನೆನಪಿಡಿ.

ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಸಂಘದಲ್ಲಿ 20 ಮಂದಿ ಇದ್ದೀರಿ. ಎಲ್ಲರೂ ತಂದ ಹಣವನ್ನು ಅಧ್ಯಕ್ಷೆಯ ಕೈಗೆ ಕೊಟ್ಟು, ಸಹಿ ಹಾಕಿ ಮನೆಗೆ ಹೋದರೆ ಅಲ್ಲಿರುವುದು 19 ಎಳೆ ಮಾತ್ರ. ಎಲ್ಲವೂ ಅಧ್ಯಕ್ಷೆಯಲ್ಲಿ ಸೇರುತ್ತವೆ. ಪ್ರತಿಯೊಬ್ಬಳೂ ಉಳಿದ ಪ್ರತಿಯೊಬ್ಬಳ ಜೊತೆ ಮಾತನಾಡುವ ಸಂಘವಾದರೆ 190 ಎಳೆ. ಸದಸ್ಯರು ಅವರೇ, ಪಾಸ್‌ಬುಕ್ಕೂ ಅದೇ, ಸಂಘ ಮಾತ್ರ ಬೇರೆ. ಮೊದಲ ಸಂಘದಲ್ಲಿ ಹೊಡೆಯುವ ಗಂಡ ಅಧ್ಯಕ್ಷೆಯ ಮೈದುನನಾದರೆ ಆ ಹೆಣ್ಣಿಗೆ ದಾರಿಯೇ ಮುಚ್ಚಿತು. ಎರಡನೆಯದರಲ್ಲಿ ಅವಳಿಗೆ ಇನ್ನೂ 18 ಬಾಗಿಲು ಉಳಿದಿರುತ್ತವೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಅಹಮದಾಬಾದಿನ ಸೇವಾ ಬ್ಯಾಂಕಿನಲ್ಲಿ ಖಾತೆಯಿದ್ದ ಹೆಂಗಸರಿಗೆ ಎರಡು ದಿನದ ವ್ಯವಹಾರ ತರಬೇತಿ ಕೊಟ್ಟು ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕೆಲವರಿಗೆ ಒಬ್ಬರೇ ಬನ್ನಿ ಎಂದರು, ಕೆಲವರಿಗೆ ಗೆಳತಿಯನ್ನು ಕರೆತನ್ನಿ ಎಂದರು. ಪಾಠ ಇಬ್ಬರಿಗೂ ಒಂದೇ. ಗೆಳತಿಯ ಜೊತೆ ಬಂದವರೇ ಮುಂದೆ ಹೆಚ್ಚಾಗಿ ಸಾಲ ಪಡೆದು ವ್ಯಾಪಾರಕ್ಕೆ ಹಾಕಿದರು. ಹೆಣ್ಣಿನ ಓಡಾಟಕ್ಕೆ ಕಟ್ಟುಪಾಡು ಹೆಚ್ಚಿರುವ ಸಮುದಾಯಗಳ ಹೆಂಗಸರಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಂಡಿತು.

ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ನಡೆದ ಇನ್ನೊಂದು ದೊಡ್ಡ ಕೆಲಸವಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು 2006ರಿಂದ ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದರು. ಅಕ್ಕಿ, ಸೀಮೆಎಣ್ಣೆ ಸಾಲದಾಗ ಯಾರ ಮನೆಗೆ ಹೋಗುತ್ತೀರಿ? ಕೈಸಾಲ ಯಾರಲ್ಲಿ ಕೇಳುತ್ತೀರಿ? ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ? ಸಲಹೆ ಬೇಕಾದರೆ ಯಾರನ್ನು ಕೇಳುತ್ತೀರಿ? ಹೀಗೆ ಊರಿನ ನಂಟಿನ ನಕ್ಷೆ ಬರೆದುಕೊಂಡರು. ಆಮೇಲೆ ಕೆಲವು ಊರುಗಳಿಗೆ ಹೆಂಗಸರಿಗೆ ಕಿರುಸಾಲ ಕೊಡುವ ಸಂಸ್ಥೆ ಬಂದಾಗ ಸುದ್ದಿ ಹೇಗೆ ಹರಡಿತು ಎಂದು ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಮೊದಲು ಯಾರ ಕಿವಿಗೆ ಸುದ್ದಿ ಬಿತ್ತು, ಅವರಿಗೆ ಊರಿನಲ್ಲಿ ಎಂಥ ಒಡನಾಟವಿತ್ತು ಎಂಬುದರ ಮೇಲೆ ಆ ಊರಿನಲ್ಲಿ ಎಷ್ಟು ಜನ ಸೇರಿದರು ಎಂಬುದು ನಿಂತಿತ್ತು. ತಾವು ಸೇರದೆ ಹೋದವರೂ ಸುದ್ದಿಯನ್ನು ದಾಟಿಸುತ್ತಿದ್ದರು. ಹರಡಿದ್ದರಲ್ಲಿ ಸುಮಾರು ಮೂರನೇ ಒಂದು ಪಾಲು ಅಂಥವರಿಂದ.

ಮುಂದೆ ಅವರು ರಾಜ್ಯದ 213 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು. "ಊರಿಗೆಲ್ಲ ಸುದ್ದಿ ಮುಟ್ಟಿಸಬೇಕಾದರೆ ಯಾರಿಗೆ ಹೇಳಬೇಕು?" ಎಂದು ಊರಿನವರನ್ನೇ ಕೇಳಿದರು. ಊರಿನವರು ತೋರಿಸಿದವರಿಗೆ ಹೇಳಿದ ಸುದ್ದಿ, ಊರ ಹಿರಿಯರಿಗೆ ಹೇಳಿದ್ದಕ್ಕಿಂತ ಹೆಚ್ಚು ಜನರನ್ನು ಮುಟ್ಟಿತು. ನಾವು 'ಬಾಯಿಬಡುಕಿ' ಎಂದು ಜರೆಯುವ ಹೆಣ್ಣುಮಗಳು ನಿಜವಾಗಿ ಊರಿನ ಅಂಚೆ ಕಚೇರಿ. 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲೆ ಇರುವುದಕ್ಕಿಂತ ಅವಳ ಬಾಯಲ್ಲಿ ಇರುವುದು ಮೇಲು.

ಎಳೆಯೇ ಉರುಳಾಗುವಾಗ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ 75 ಹಳ್ಳಿಗಳಿಗೆ ಸಂಶೋಧಕರು ಮತ್ತೆ ಹೋದಾಗ ಕಂಡದ್ದು 2024ರಲ್ಲಿ ಪ್ರಕಟವಾಯಿತು. ಕಿರುಸಾಲ ಬಂದ ಊರುಗಳಲ್ಲಿ ಜನರ ನಡುವಿನ ನಂಟು, ಸಾಲ ಬಾರದ ಊರುಗಳಿಗೆ ಹೋಲಿಸಿದರೆ, ಕಡಿಮೆಯಾಗಿತ್ತು. ಸಾಲ ಪಡೆಯದವರ ನಂಟೂ ಸಡಿಲವಾಗಿತ್ತು. ಕೈಗಡ ಕೇಳಲು ನೆರೆಯವಳ ಮನೆಗೆ ಹೋಗುವ ಅಗತ್ಯ ತಪ್ಪಿದಾಗ ಅವಳ ಜಗಲಿಯಲ್ಲಿ ಕೂತು ಸುಖದುಃಖ ಹೇಳಿಕೊಳ್ಳುವ ಸಂದರ್ಭವೂ ತಪ್ಪುತ್ತದೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಹಣ ಬಂತು, ಹರಟೆ ಹೋಯಿತು. ಆ ಹರಟೆಯಲ್ಲೇ ನಮ್ಮ ಕಾವಲಿತ್ತು.

ಇನ್ನು ವಾರದ ಕಂತಿನ ವಸೂಲಿ. ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಬಾಗಿಲಲ್ಲಿ ಕೂರುವ ದೃಶ್ಯ ನಿಮಗೆ ಹೊಸದಲ್ಲ. ಗೆಳೆತನದ ಎಳೆಯನ್ನೇ ಕೊರಳಿಗೆ ಹಾಕಿ ಎಳೆಯುವ ವಿದ್ಯೆ ಇದು. ಕಿರುಸಾಲದ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಂತಿನ ಭಯದಿಂದ ಗೆಳತಿಯ ಮುಖ ತಪ್ಪಿಸಿ ಓಡಾಡುವವಳು ಗಂಡನ ಹೊಡೆತವನ್ನು ಅದೇ ಗೆಳತಿಯ ಮುಂದೆ ಹೇಳಿಕೊಳ್ಳುವಳೇ? ಆದ್ದರಿಂದ ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ: ಲೆಕ್ಕಪತ್ರವನ್ನು ಮಾತ್ರ ನೋಡುವ ಸಂಘ ಬ್ಯಾಂಕಿನ ಸಂಬಳವಿಲ್ಲದ ಗುಮಾಸ್ತೆ. ಅದು ಮಹಿಳಾ ಸಂಘವಲ್ಲ.

ಏನು ಮಾಡಬಹುದು?

ದೊಡ್ಡ ಕ್ರಾಂತಿಯ ಮಾತು ಬೇಡ. ಮುಂದಿನ ವಾರದ ಸಭೆಯಿಂದಲೇ ಆಗುವಂಥ ಕೆಲವನ್ನು ಹೇಳುತ್ತೇನೆ.

ಮೊದಲನೆಯದು, ಊರಿಗೆ ಹೊಸ ಸೊಸೆ ಬಂದರೆ ತಿಂಗಳೊಳಗೆ ಸಂಘದ ಇಬ್ಬರು ಅರಿಶಿನ ಕುಂಕುಮದ ನೆಪದಲ್ಲಾದರೂ ಆ ಮನೆಗೆ ಹೋಗಿಬನ್ನಿ. ಅವಳ ಹೆಸರು ಕೇಳಿ. 'ಇಂಥವರ ಸೊಸೆ' ಎಂದು ಕರೆಯದೆ ಹೆಸರಿಡಿದು ಕರೆಯಿರಿ. ಕಷ್ಟ ಬರುವ ಮೊದಲೇ ಪರಿಚಯವಿರಬೇಕು. ಕಷ್ಟ ಬಂದ ಮೇಲೆ ಪರಿಚಯ ಮಾಡಿಕೊಳ್ಳಲು ಅವಳನ್ನು ಹೊರಗೆ ಬಿಡುವುದಿಲ್ಲ.

ಎರಡನೆಯದು, ಪ್ರತಿ ಸದಸ್ಯೆಗೂ ಮೂರು ಬಾಗಿಲು ಇರಲಿ. ಒಂದು ತವರಿನ ಕಡೆಯದು, ಒಂದು ಅಕ್ಕಪಕ್ಕದ್ದು, ಒಂದು ನಂಟಿನ ಹಂಗಿಲ್ಲದ ಹೊರಗಿನದು. ಆ ಮೂವರ ಫೋನ್ ನಂಬರು ಮೊಬೈಲಿನಲ್ಲಿ ಮಾತ್ರವಲ್ಲ, ತಲೆಯಲ್ಲೂ ಇರಲಿ. ಸ್ವಂತ ಬಳಕೆಗೆ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ನೂರಕ್ಕೆ 54 ಎಂದು 2019-21ರ ಸಮೀಕ್ಷೆ ಹೇಳಿತ್ತು. ಇರುವ ಮೊಬೈಲನ್ನು ಕಸಿಯುವುದೂ ಒಂದು ನಿಮಿಷದ ಕೆಲಸ.

ಮೂರನೆಯದು, ಸಭೆಯಲ್ಲಿ ಹಣದ ಪುಸ್ತಕ ತೆರೆಯುವ ಮುಂಚೆ ಕಾಲು ಗಂಟೆ ಇಬ್ಬಿಬ್ಬರಾಗಿ ಕೂತು ಮಾತನಾಡಿ. ಪ್ರತಿ ವಾರ ಜೋಡಿ ಬದಲಾಗಲಿ. ಹತ್ತೊಂಬತ್ತು ವಾರದಲ್ಲಿ ಆ 190 ಎಳೆಗಳೂ ಒಮ್ಮೆಯಾದರೂ ಹೆಣೆದಿರುತ್ತವೆ. ಎರಡು ಸಭೆಗೆ ಸತತವಾಗಿ ಬಾರದವಳಿಗೆ ದಂಡ ಹಾಕುವ ಮುಂಚೆ ಅವಳ ಮನೆಗೆ ಹೋಗಿ ನೋಡಿ.

ನಾಲ್ಕನೆಯದು, ಕೇಳಿಸಿದವರು ಸುಮ್ಮನಿರಬೇಕಾಗಿಲ್ಲ. 2005ರ ಕಾಯ್ದೆಯ ನಾಲ್ಕನೆಯ ಕಲಂ ಪ್ರಕಾರ ಹಿಂಸೆ ನಡೆದಿದೆ, ನಡೆಯುತ್ತಿದೆ, ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯನ್ನೂ ಹೊರಿಸುವಂತಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಈ ಹೊಣೆ ಕೊಟ್ಟಿದ್ದಾರೆ. ಅಂಗನವಾಡಿಯಲ್ಲಿ ಕೇಳಿದರೆ ಅವರ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ. ತುರ್ತಿಗೆ 112 ಇದೆ. ಎಲ್ಲಕ್ಕಿಂತ ಮೊದಲು, ಬಾಗಿಲು ತಟ್ಟಿ. "ಸ್ವಲ್ಪ ಸಕ್ಕರೆ ಇದೆಯಾ?" ಎಂದು ಕೇಳಿದರೂ ಸಾಕು. ಒಳಗಿರುವವನಿಗೆ ಹೊರಗೆ ಕಿವಿಯಿದೆ ಎಂದು ತಿಳಿಯಬೇಕು, ಒಳಗಿರುವವಳಿಗೂ ತಿಳಿಯಬೇಕು. 2008ರಲ್ಲಿ 'ಬೆಲ್ ಬಜಾವೊ' ಎಂದು ನಡೆದ ಪ್ರಚಾರದ ತಿರುಳೂ ಇಷ್ಟೇ.

ಕೊನೆಯದಾಗಿ ತವರಿನವರಿಗೆ ಒಂದು ಮಾತು. ನಮ್ಮ ರಾಜ್ಯದಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿನ ಚಿಂತೆ ತಪ್ಪಿತು. ಮಗಳು ಬಂದಾಗ "ಅಳಿಯಂದಿರು ಬರಲಿಲ್ಲವೇ?" ಎಂದು ಮೊದಲು ಕೇಳಬೇಡಿ. "ಚೆನ್ನಾಗಿದ್ದೀಯಾ?" ಎಂದು ಕೇಳಿ, ಉತ್ತರ ಬರುವ ತನಕ ಕಾಯಿರಿ. ಹಬ್ಬಕ್ಕೆ ಕರೆಯದಿದ್ದರೂ ನೀವೇ ಹೋಗಿ ಬನ್ನಿ. ತಾಯಿ ಆಗಾಗ ಬಂದುಹೋಗುವ ಮನೆಯಲ್ಲಿ ಕೈ ಎತ್ತುವವನು ಎರಡು ಸಲ ಯೋಚಿಸುತ್ತಾನೆ.

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಹೇಳುತ್ತಾ ನಮ್ಮ ಹಿಂದಿನವರು ಎಷ್ಟೋ ಹೆಣ್ಣುಮಕ್ಕಳನ್ನು ಮಣ್ಣು ಮಾಡಿದರು. ದೇಶದಲ್ಲಿ 2022ನೇ ಒಂದೇ ವರ್ಷ ಪೊಲೀಸರ ಲೆಕ್ಕಕ್ಕೆ ಬಂದ ವರದಕ್ಷಿಣೆ ಸಾವುಗಳೇ ಆರು ಸಾವಿರಕ್ಕೂ ಹೆಚ್ಚು. ಆ ಪ್ರತಿಯೊಬ್ಬಳ ಮನೆಯ ಆಚೆಗೂ ನಾಲ್ಕು ಮನೆ ಇದ್ದೇ ಇತ್ತು. ಯಾವುದೋ ಮನೆಯಲ್ಲಿ ದೀಪ ಉರಿಯುತ್ತಲೇ ಇತ್ತು.

ನಮ್ಮ ಬೀದಿಯ ಆ ಕೊನೆಯ ಮನೆಗೆ ಈಗ ಬೇರೆ ಸಂಸಾರ ಬಂದಿದೆ. ಅವರು ಬಂದ ಮೂರನೆಯ ದಿನ ನಾನು ಒಂದು ಬಟ್ಟಲು ಹುಳಿ ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿದೆ. ಅವರು ಗಂಡ ಹೆಂಡತಿ ಚೆನ್ನಾಗಿಯೇ ಇದ್ದಾರೆ. ಅದು ಮುಖ್ಯವಲ್ಲ. ಆ ಮನೆಯ ಹುಡುಗಿಗೆ ನನ್ನ ಹೆಸರು ಗೊತ್ತು, ನನಗೆ ಅವಳ ಹೆಸರು ಗೊತ್ತು. ಇಷ್ಟು ಮಾಡಲು ನನಗೆ ಅರವತ್ತು ದಾಟಬೇಕಾಯಿತು. ನೀವು ಅಷ್ಟು ತಡ ಮಾಡಬೇಡಿ.